ಏಳನೇ ಕುಳಿಗೆ ಅಡ್ಡ ಬಂದ ಹೆಜ್ಜೆ

ಸಮುದ್ರವನ್ನು ಚಾಪೆ ಸುತ್ತಿದ ಹಾಗೆ ಸುತ್ತಿ, ಹೆಗಲ ಮೇಲೆ ಹೊತ್ತು, ಅದರಡಿಯ ನೆಲವನ್ನು ಗುಡಿಸಿ ಸಾರಿಸಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಮತ್ತೆ ಇದ್ದಲ್ಲೇ ಹಾಸಿದವನು ಈ ಭೂಮಿಯ ಮೇಲೆ ಒಬ್ಬನೇ ಒಬ್ಬ. ಅದು ನಾನು, ಹಮ್ಮಣ್ಣ. ನಂಬದವರು ಸಮುದ್ರವನ್ನೇ ಕೇಳಬಹುದು. ಇವತ್ತಿಗೂ ಅದು ನನ್ನನ್ನು ಕಂಡರೆ ಹೆದರಿ ಹಿಂದೆ ಸರಿಯುತ್ತದೆ. ಆಮೇಲೆ ಮುಂದೆ ಬರುತ್ತದೆ, ಅದು ಬೇರೆ ಮಾತು.

ಅಂಥವನಿಗೆ ಒಂದು ಗಾಲ್ಫ್ ಅಂಗಳ ಕಟ್ಟುವುದು ಯಾವ ಲೆಕ್ಕ? ಈಗ ನಮ್ಮೂರಿಗೆ ಬಂದು, ಬಿಳಿ ಟೊಪ್ಪಿ ಹಾಕಿಕೊಂಡು, ಕೋಲು ಬೀಸಿ, ಚೆಂಡು ಕಳೆದುಕೊಂಡು ಹೋಗುವವರೆಲ್ಲ ಇದನ್ನು ಇಂದುಮತಿ ಮೇಡಂ ಕಟ್ಟಿದರು ಅನ್ನುತ್ತಾರೆ. ನಕ್ಷೆ ಅವರದು, ಒಪ್ಪಿದೆ. ಆದರೆ ನಕ್ಷೆ ಎಂದರೆ ಕಾಗದ. ಕಾಗದದ ಮೇಲಾದರೆ ನಾನೂ ಹಿಮಾಲಯ ಬರೆದೇನು. ಮರಳಿಗೆ ಮೈಕಟ್ಟು ಕೊಟ್ಟದ್ದು ನನ್ನ ಬುಲ್ಡೋಜರ್. ಅದರ ಬ್ಲೇಡಿನಲ್ಲಿ ನಾನು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು, ಬಿಸಿ ಆರುವ ಮೊದಲೇ ಮೇಡಂ ಕೈಗೆ ಕೊಟ್ಟಿದ್ದೇನೆ. ಉಪ್ಪು ಕೇಳಿದ್ದರೆ ಅದನ್ನೂ ಬ್ಲೇಡಿನಲ್ಲೇ ಉದುರಿಸುತ್ತಿದ್ದೆ.

ಬೇರೆ ಊರಿನಲ್ಲಿ ಇಂಥ ಕೆಲಸ ಸುಲಭವಂತೆ. ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಊರು ಬಿಟ್ಟು ಹೋದವರ ಹೆಜ್ಜೆ ದಂಡೆಯ ಮರಳಲ್ಲಿ ಉಳಿದುಬಿಡುತ್ತದೆ. ಊರಲ್ಲೇ ಇರುವವರ ಹೆಜ್ಜೆಗೆ ಏನೂ ಬೆಲೆಯಿಲ್ಲ, ಒಂದು ಗಾಳಿ ಬೀಸಿದರೆ ಹೋಯಿತು. ಹೋದವರದು ಮಾತ್ರ, ತಿರುಗಿ ಬರಬೇಕು ಅನ್ನುವ ಆಸೆ ಅವರ ಎದೆಯಲ್ಲಿ ಇರುವ ತನಕ ಯಾವ ಗಾಳಿಗೂ ಮಳೆಗೂ ಜಗ್ಗುವುದಿಲ್ಲ. ಆಸೆ ಆರಿದ ದಿನ ಹೆಜ್ಜೆಯೂ ಆರುತ್ತದೆ. ತಿರುಗಿ ಬಂದರೂ ಅಷ್ಟೇ, ಮನೆಗೇ ಬಂದವರ ಹೆಜ್ಜೆಗೆ ದಂಡೆಯಲ್ಲಿ ಇನ್ನೇನು ಕೆಲಸ?

ಇದಕ್ಕೆ ನಮ್ಮ ಜನ ಹೊಂದಿಕೊಂಡ ರೀತಿ ನೋಡಬೇಕು. ಮದುವೆಯಾಗಿ ಹೋದ ಹೆಣ್ಣಿನ ಅತ್ತೆ ಬೀಗರ ಮನೆಗೆ ಬಂದರೆ ಮೊದಲು ಕಾಲು ತೊಳೆಯುವುದಿಲ್ಲ, ನೆಟ್ಟಗೆ ದಂಡೆಗೆ ಹೋಗಿ ಸೊಸೆಯ ಹೆಜ್ಜೆ ನೋಡುತ್ತಾಳೆ. ಆಳವಾಗಿದ್ದರೆ, “ನಮ್ಮನೇಲಿ ಇವಳಿಗೆ ಎಂತ ಕಮ್ಮಿ ಮಾಡಿದ್ದೇವೆ?” ಎಂದು ಅಲ್ಲೇ ಜಗಳ. ಅಳಿಸಿದ್ದರೆ ಹುಡುಗಿಯ ತಾಯಿ ಊಟ ಬಿಟ್ಟು ಮಲಗುತ್ತಾಳೆ. ಚಹಾದಂಗಡಿಯ ಬುದವಂತನ ತಮ್ಮ ಘಟ್ಟದ ಮೇಲೆ ಹೋಗಿ ಹೋಟೆಲು ಹಾಕಿದವನು. ಒಂದು ಬೆಳಿಗ್ಗೆ ನೋಡಿದರೆ ಅವನ ಹೆಜ್ಜೆ ಇರಲಿಲ್ಲ. ಅದೇ ಮಧ್ಯಾಹ್ನ ಅವನ ಫೋನು ಬಂತು, ಎಲ್ಲ ಆರಾಮಾ ಎಂದು. ಬುದವಂತ ‘ಆರಾಮು’ ಎಂದ. ಸಂಜೆ ನೆರೆಮನೆಯವರು ಸತ್ತ ಮನೆಗೆ ತರುವ ಹಾಗೆ ಗಂಜಿ ಮಾಡಿ ತಂದರು. ತಮ್ಮ ಆಗ ಅಲ್ಲಿ ಇಡ್ಲಿ ಬೇಯಿಸುತ್ತಿದ್ದ.

ಹಾಗಾಗಿ ಇನ್ನೊಬ್ಬರ ಮನೆಯ ಹೆಜ್ಜೆಯನ್ನು ದಿಟ್ಟಿಸಿ ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಬಚ್ಚಲುಮನೆ ಇಣುಕಿದಷ್ಟೇ ಕೆಟ್ಟದ್ದು. ತುಳಿಯುವುದಂತೂ ಕೇಳಲೇಬೇಡಿ. ನಮ್ಮೂರ ಮಕ್ಕಳು ನಡೆಯಲು ಕಲಿಯುವುದೇ ಬಳಸಿ ಬಳಸಿ. ಬೇರೆ ಊರಿನ ನೆಟ್ಟಗಿನ ರಸ್ತೆಯಲ್ಲೂ ಅವು ಕುಡಿದವರ ಹಾಗೆ ಹೋಗುತ್ತವೆ.

ನನ್ನ ಹೆಂಡತಿ ಗುಲಾಬಿಯ ಹೆಜ್ಜೆ ನಮ್ಮ ಮನೆಯ ಹಿಂದಿನ ಗಾಳಿಮರದ ಬುಡದಿಂದ ಹೊರಟು, ಇಳಿಜಾರು ಇಳಿದು, ದೋಣಿ ನಿಲ್ಲುವ ಹಳೇ ಧಕ್ಕೆಯ ತನಕ ಹೋಗುತ್ತದೆ. ಹಂಚು ಸಾಗಿಸುವ ದೊಡ್ಡ ಹಾಯಿದೋಣಿ, ಮಚವೆಯೊಂದರಲ್ಲಿ ಅಡುಗೆಗೆಂದು ಹೋದಳು. ಅವಳ ಕೈಯ ಮೀನುಸಾರಿನ ಪರಿಮಳಕ್ಕೆ ಆ ಮಚವೆ ದಿಕ್ಕು ತಪ್ಪಿ ನಮ್ಮೂರಿಗೆ ಬಂದಿತ್ತು. ಅದನ್ನು ನಡೆಸುವ ತಂಡೇಲ ನನ್ನ ಕಾಲಿಗೆ ಬಿದ್ದು, ‘ಹಮ್ಮಣ್ಣಾ, ಒಂದು ವರ್ಷದ ಮಟ್ಟಿಗೆ ಕಳಿಸಿಕೊಡು, ನನ್ನ ಖಲಾಸಿಗಳು ಉಳಿಯಬೇಕು’ ಎಂದು ಅತ್ತ. ನಾನು ದೊಡ್ಡ ಮನಸ್ಸು ಮಾಡಿದೆ. ಆಗ ನಮ್ಮ ಶೇವಂತಿ ಅಂಬೆಗಾಲಿನ ಕೂಸು. ಹೊರಡುವಾಗ ಧಕ್ಕೆಯ ಮೇಲೆ ನಿಂತು ಗುಲಾಬಿ, “ನಾ ಹೋದ್ರೆ ನಿಂಗೆ ಬೇಜಾರಾಗ್ತದಾ?” ಎಂದು ಕೇಳಿದಳು. ನನಗಾ? “ಏಳೂರಿನ ಹೆಣ್ಣುಗಳು ನನ್ನ ಬಾಗಿಲಲ್ಲಿ ಸಾಲು ನಿಂತಿವೆ. ನೀ ಹೋದ್ರೆ ಸಾಲು ಒಂಚೂರು ಮುಂದೆ ಬತ್ತದೆ, ಅಷ್ಟೇಯ” ಎಂದೆ. ಮಚವೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಲಾಬಿಯೂ ನಕ್ಕಳು ಎಂದೇ ನನ್ನ ನೆನಪು.

ಆ ವರ್ಷ ಹೋಗಿ ಎಷ್ಟೋ ವರ್ಷವಾಯಿತು. ಹೆಜ್ಜೆ ಮಾತ್ರ ಇತ್ತು. ಊರಿನ ಉಳಿದ ಹೆಜ್ಜೆಗಳಂತೆ ಅಂಚು ಸವೆದು, ಹೊಟ್ಟೆ ತುಂಬಿ, ಮುದಿಯಾದದ್ದಲ್ಲ. ಈಗ ತಾನೇ ಕಾಲೆತ್ತಿದ ಹಾಗೆ, ಕಾವಲಿಯಿಂದ ಎಬ್ಬಿಸಿದ ದೋಸೆಯ ಹಾಗೆ. ನಡುವೆ ನನಗೆ ಜ್ವರ ಬಂದು ಮಲಗಿದಾಗ ಒಂದೆರಡು ಸಲ ಅದು ಕಾಣಿಸದೇ ಹೋದದ್ದುಂಟು. ಗಂಡನಿಗೆ ಜ್ವರ ಬಂದರೆ ಅಷ್ಟು ದೂರದಲ್ಲಿ ಹೆಂಡತಿಗೂ ಎಚ್ಚರ ತಪ್ಪುತ್ತದೆ, ಎಚ್ಚರ ತಪ್ಪಿದವಳು ಊರನ್ನು ಹೇಗೆ ನೆನೆಸಿಯಾಳು? ನಾನು ಹಾಗೆಂದು ವಿವರಿಸಿದೆ. ಯಾರೂ ಎದುರಾಡಲಿಲ್ಲ. ಬುದವಂತನೊಬ್ಬ, “ಹೌದು ಹೌದು, ನಿನ್ನ ಜ್ವರಕ್ಕೆ ಚಂದ್ರನೂ ಕೆಮ್ಮಿದ್ದ” ಎಂದ.

ಶೇವಂತಿ ಬೆಳೆದದ್ದು ಆ ಹೆಜ್ಜೆಯ ಪಕ್ಕದಲ್ಲೇ. ನಮ್ಮಲ್ಲೊಂದು ಪದ್ಧತಿ. ನೂಲಹುಣ್ಣಿಮೆಯಂದು ಕಡಲಿಗೆ ಕಾಯಿ ಬಿಟ್ಟ ಮೇಲೆ, ದೂರ ಹೋದವರ ಮಕ್ಕಳು ಕಾಲು ತೊಳೆದುಕೊಂಡು ಬಂದು ಅವರ ಹೆಜ್ಜೆಯೊಳಗೆ ತಮ್ಮ ಪಾದ ಇಟ್ಟು ನೋಡುತ್ತಾರೆ. ವರ್ಷಕ್ಕೆ ಅದೊಂದು ದಿನ ಮಾತ್ರ, ಅದೂ ಮಕ್ಕಳಿಗೆ ಮಾತ್ರ, ಹೆಜ್ಜೆಯೊಳಗೆ ಕಾಲಿಡುವ ಹಕ್ಕು. ಸಣ್ಣವಳಿದ್ದಾಗ ಶೇವಂತಿಯ ಪಾದ ಅದರಲ್ಲಿ ದೋಣಿಯೊಳಗೆ ಬಿದ್ದ ಬೆಳ್ಳಂಜಿ ಮೀನಿನ ಹಾಗೆ ಕಾಣುತ್ತಿತ್ತು. ಒಂದು ವರ್ಷ ಹುಡುಗಿ ಓಡೋಡಿ ಬಂದು, “ಅಪ್ಪಾ, ಅವ್ವಿ ಕಾಲು ನನ್ನ ಕಾಲು ಸಮಾ ಆಯ್ತು!” ಎಂದಳು. ನಾನು ಆ ಖುಷಿಗೆ ಇಡೀ ಊರಿಗೆ ಕಡುಬು ಹಂಚಿದೆ. ಇಡೀ ಊರು ಎಂದರೆ ಬುದವಂತನ ಅಂಗಡಿಯಲ್ಲಿ ಆಗ ಕೂತಿದ್ದವರು. ಅದರ ಮುಂದಿನ ವರ್ಷಗಳಲ್ಲಿ ಅವಳು ಹೋಗುತ್ತಿದ್ದಳು, ಬರುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ. ದೊಡ್ಡವಳಾದಳಲ್ಲ, ನಾಚಿಕೆ ಅಂದುಕೊಂಡೆ.

ಇಂದುಮತಿ ಮೇಡಂ ಬಂದದ್ದು ಮಳೆ ಮುಗಿದ ಹೊಸದರಲ್ಲಿ. ಐವತ್ತು ದಾಟಿದ ಹೆಂಗಸು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಕೊರಳಲ್ಲಿ ದುರ್ಬೀನು, ಕಾಲಲ್ಲಿ ಗಂಡಸರ ಬೂಟು. ಕಂಪನಿಯವರು ಅವರ ಹಿಂದೆ ಛತ್ರಿ ಹಿಡಿದುಕೊಂಡು ಓಡುತ್ತಿದ್ದರು. ಅವರು ನೇರ ಬುದವಂತನ ಅಂಗಡಿಗೆ ಬಂದು ಚಹಾ ಹೇಳಿದರು.

“ಇಷ್ಟೇ ಇಷ್ಟು ಚೆಂಡಿಗೆ ಅಷ್ಟು ದೊಡ್ಡ ಜಾಗ ಎಂತಕ್ಕೆ ಅಮಾ?” ಬುದವಂತ ಕೇಳಿದ.

“ಚೆಂಡಿಗಲ್ಲ ಅಣ್ಣ, ಗಾಳಿಗೆ. ಸಮುದ್ರದ ಪಕ್ಕ ಈ ಆಟ ಆಡೋದೇ ಗಾಳಿ ಜೊತೆ. ಮರಳುದಿಬ್ಬ ಹೇಗಿದೆಯೋ ಹಾಗೇ ಇರಬೇಕು. ಅದರ ಸಂದಿಯಲ್ಲಿ ಆಟಕ್ಕೆ ದಾರಿ ಹುಡುಕಬೇಕು. ಒಂದು ದಿಬ್ಬ ಚಪ್ಪಟೆ ಮಾಡಿದರೂ ನಾನು ಸೋತ ಹಾಗೆ.”

“ಹಾಂಗಾರೆ ಬುಲ್ಡೋಜರ್ ಎಂತಕ್ಕೆ?”

ನಾನು ಎದ್ದು ನಿಂತೆ. “ಮೇಡಂ, ದಿಬ್ಬಕ್ಕೆ ಕಚಗುಳಿ ಆದೀತು, ನೋವಾಗೂದಿಲ್ಲ, ಹಾಂಗೆ ಕೆಲಸ ಮಾಡ್ತೆ ನಾನು. ಒಮ್ಮೆ ಮಲಗಿದ್ದ ಹಸುವನ್ನು ಎಬ್ಬಿಸದೇ ಅದರಡಿಗೆ ಬುಲ್ಡೋಜರಿನಲ್ಲಿ ಹುಲ್ಲು ಹಾಸಿದವ.”

“ಹಸು ಮಲಗಿದ್ದೂ ನಿಜ, ಹುಲ್ಲು ಇದ್ದದ್ದೂ ನಿಜ,” ಎಂದ ಬುದವಂತ. “ಬುಲ್ಡೋಜರ್ ಮಾತ್ರ ಆ ವರ್ಷ ಕೆಟ್ಟು ನಿಂತಿತ್ತು.”

ಮೇಡಂ ನಕ್ಕು ಚಹಾ ಚೆಲ್ಲಿಕೊಂಡರು. ಮರುದಿನದಿಂದ ನನಗೆ ಕೆಲಸ.

ಅವರು ಕಟ್ಟುವ ರೀತಿಯೇ ಬೇರೆ. ಮೊದಲು ಗುದ್ದಲಿ ಹಾಕಲಿಲ್ಲ, ಬಾವುಟ ನೆಟ್ಟರು. ಕಡಲಾಮೆ ಮೊಟ್ಟೆ ಇಡುವ ಕಡೆ ಕೆಂಪು, ಹಕ್ಕಿಗಳು ಗೂಡು ಮಾಡುವ ಕಡೆ ಹಳದಿ, ಮರಳನ್ನು ಹಿಡಿದಿಟ್ಟ ಅಡುಂಬು ಬಳ್ಳಿ ಹಬ್ಬಿದ ಕಡೆ ಹಸಿರು. ಬಾವುಟ ಇಲ್ಲದ ಕಡೆ ಮಾತ್ರ ಆಟ. ಕುಡಿಯುವ ನೀರಿನ ಒಂದು ಹನಿಯೂ ಹುಲ್ಲಿಗೆ ಹೋಗಬಾರದೆಂದು ಮಳೆನೀರಿಗೆ ಕೆರೆ ತೋಡಿಸಿದರು. ಹೊರಗಿನ ಹುಲ್ಲು ಬೇಡ, ನಿಮ್ಮೂರಿನ ಗರಿಕೆಯೇ ಸಾಕು ಅಂದರು. ಆಮೆ ಬರುವ ದಿಕ್ಕಿಗೆ ದೀಪದ ಕಂಬ ಹಾಕಗೊಡಲಿಲ್ಲ. ಆ ಆಮೆಗಳು ನನ್ನ ಹತ್ತಿರ ಬಂದು, ಮೇಡಮ್ಮಿಗೆ ನಮ್ಮ ನಮಸ್ಕಾರ ಹೇಳು ಎಂದು ಹೇಳಿ ಹೋದವು. ಹೇಳಿದೆ.

ಹೆಜ್ಜೆಗಳ ವಿಷಯ ತಿಳಿದ ದಿನ ಮೇಡಂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ದಂಡೆಯಲ್ಲಿ ಅವರು ಬೂಟು ಹಾಕಿದ್ದನ್ನು ನಾನು ಕಾಣಲಿಲ್ಲ. ಹೆಜ್ಜೆಗಳಿಗೆ ಬಿಳಿ ಬಾವುಟ ಎಂದು ತೀರ್ಮಾನವಾಯಿತು. ಊರಿಗೆ ಊರೇ ಬಂದು ತಮ್ಮ ತಮ್ಮವರ ಸಾಲು ತೋರಿಸಿತು. ಒಬ್ಬಳು ಗಂಡನ ಸಾಲು ತೋರಿಸಿ, “ಅವನ ಹೆಜ್ಜೆ ಮೇಲೆಯೇ ಹುಲ್ಲು ಬೆಳೆಸಿ ಅಮಾ. ಬರಬೇಕು ಬರಬೇಕು ಅಂತ ಆಸೆ ಪಡೂದೊಂದೇ ಅವನ ಕೆಲಸ, ಬರೂದಿಲ್ಲ” ಎಂದಳು. ಮೇಡಂ ಅಲ್ಲೂ ಒಂದು ಬಾವುಟ ನೆಟ್ಟರು. ಮರುದಿನ ಅವಳೇ ಬಂದು ಆ ಬಾವುಟ ಗಟ್ಟಿ ನಿಂತಿದೆಯೇ ಎಂದು ಅಲ್ಲಾಡಿಸಿ ನೋಡಿ ಹೋದಳು.

ಮರಳುಗುಂಡಿಯಲ್ಲಿ ಆಡಿದ ಮೇಲೆ ಆಟಗಾರರು ತಮ್ಮ ಗುರುತನ್ನು ಬಾಚಿ ಅಳಿಸಿ ಹೋಗಬೇಕಂತೆ, ಅದು ಆಟದ ಶಿಸ್ತು. ಅದಕ್ಕೆಂದು ಕಂಪನಿಯವರು ತಂದ ಉದ್ದ ಹಲ್ಲಿನ ಕೋಲುಗಳನ್ನು ನೋಡಿ ನಮ್ಮೂರ ಹೆಂಗಸರು ಬೊಬ್ಬೆ ಹಾಕಿದರು. ಮೇಡಂ ಎಲ್ಲವನ್ನೂ ಕಟ್ಟಿಸಿ ವಾಪಸು ಕಳಿಸಿದರು. ಇವತ್ತಿಗೂ ನಮ್ಮ ಅಂಗಳದಲ್ಲಿ ಆ ಕೋಲು ಇಲ್ಲ. ಚೆಂಡು ಯಾರದಾದರೂ ಹೆಜ್ಜೆಯೊಳಗೆ ಬಿದ್ದರೆ ಹೊಡೆಯುವಂತಿಲ್ಲ, ಬಗ್ಗಿ ಕೈಯಲ್ಲಿ ಎತ್ತಿ ಪಕ್ಕಕ್ಕಿಡಬೇಕು. ಎಂಥೆಂಥ ದೊಡ್ಡ ಮನುಷ್ಯರು ನಮ್ಮೂರ ಬಡವರ ಹೆಜ್ಜೆಗೆ ಬಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಳ್ಳಿ, ಗರಿಕೆ, ಕೇದಗೆಗಳ ಸಸಿಮಡಿಯನ್ನು ಮೇಡಂ ಶೇವಂತಿಗೆ ವಹಿಸಿದರು. ಹಕ್ಕಿಗೂಡುಗಳ ಕಾವಲೂ ಅವಳದೇ. ನನ್ನ ಮಗಳು ಅಡುಂಬಿನ ಒಂದು ಗೆಣ್ಣು ನೆಟ್ಟರೆ ಮಧ್ಯಾಹ್ನಕ್ಕೆ ಅದು ಕಂಪನಿಯವರ ಜೀಪಿಗೇ ಹಬ್ಬುತ್ತಿತ್ತು. ಹಳೇ ಧಕ್ಕೆಯ ಹಿಂದಿನ ತಗ್ಗಿನಲ್ಲಿ ಟಿಟ್ಟಿಭ ಹಕ್ಕಿಗಳು ಬರಿಯ ಮರಳಿನ ಮೇಲೇ ಮೊಟ್ಟೆ ಇಡುತ್ತವೆ. ನಾಯಿ ಬರದ ಹಾಗೆ ಅವಳು ಆ ತಗ್ಗಿನ ಸುತ್ತ ಕೇದಗೆಯ ಬೇಲಿ ಎಬ್ಬಿಸಿದಳು. ಅವಳು ಹೋದರೆ ಹಕ್ಕಿಗಳು ಕೂಗುತ್ತಿರಲಿಲ್ಲ. ನಾನು ಹೋದರೆ ಇಡೀ ಆಕಾಶ ಬೈಯುತ್ತಿತ್ತು.

ಇಲ್ಲಿಯ ಕೆಲಸ ಮುಗಿಯುವ ಮೊದಲೇ ಮೇಡಂ ಹೊರಡುವವರಿದ್ದರು. ಕರಾವಳಿಯಲ್ಲೇ ಕೆಳಗೆಲ್ಲೋ ಕಡಲು ದಿಬ್ಬಗಳನ್ನೆಲ್ಲ ತಿಂದು ಹಾಕಿದೆಯಂತೆ. ಅಲ್ಲಿ ಬಳ್ಳಿ ನೆಟ್ಟು ಮತ್ತೆ ದಿಬ್ಬ ಏಳಿಸುವ ಕೆಲಸ. “ಶೇವಂತಿ ನನ್ನ ಜೊತೆ ಬರಲಿ, ಅಲ್ಲಿ ಎಲ್ಲ ಅವಳೇ ನೋಡಿಕೊಳ್ಳಲಿ” ಎಂದು ಅವರು ನನ್ನನ್ನು ಕೇಳಿದರು. ನಾನು ಎದೆಯುಬ್ಬಿಸಿ, “ಕರಕೊಂಡು ಹೋಗಿ ಮೇಡಂ, ನನ್ನ ಮಗಳು ನೆಟ್ಟರೆ ಸಮುದ್ರದ ಮೇಲೂ ಬಳ್ಳಿ ಹಬ್ಬೀತು” ಎಂದೆ. ಹಾಗೆ ಹೇಳಲು ನನಗೆ ಧೈರ್ಯ ಬೇಕಿರಲಿಲ್ಲ, ಅವಳ ಉತ್ತರ ನನಗೆ ಗೊತ್ತಿತ್ತು.

“ನಾ ಬರೂದಿಲ್ಲ ಮೇಡಂ,” ಎಂದಳು ಶೇವಂತಿ. “ಅವ್ವಿ ಬರಬೇಕು ಹೇಳಿ ಆಸೆಲಿ ಇದ್ದಾಳೆ. ಬಂದ ದಿನ ನಾ ಇಲ್ದಿದ್ರೆ?” ಹಾಗೆ ಹೇಳಿ ಅವಳು ಬಿಳಿ ಬಾವುಟಗಳ ಕಡೆ ನೋಡಿದಳು. ಆ ನೋಟ ನನಗೆ ಹಳೆಯದು. ಸಣ್ಣವಳಿದ್ದಾಗ ಸಂಜೆ ಧಕ್ಕೆಯ ಮೇಲೆ ಕೂತು, ಬಂದ ದೋಣಿಗಳಿಗೆಲ್ಲ ಕೈ ಬೀಸಿ, ಕೈ ಇಳಿಸಿ, ನನ್ನ ಕಡೆ ತಿರುಗುವಾಗಿನ ನೋಟ.

ಚೆಂಡು ಬೀಳಿಸುವ ಹದಿನೆಂಟು ಕುಳಿಗಳಲ್ಲಿ ಮೊದಲ ಆರು ಹೇಗೋ ಬಾವುಟಗಳ ನಡುವೆ ನುಸುಳಿಕೊಂಡು ಹೋದವು. ಏಳನೆಯದು ಸಿಕ್ಕಿಬಿತ್ತು. ಅಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ದೋಣಿಯ ಹಲಗೆಯಷ್ಟು ನೆಲ. ಕುಳಿ ತೋಡಿ ಸುತ್ತ ನುಣ್ಣನೆ ಹುಲ್ಲು ಹಾಸುವುದಕ್ಕೆ ಎರಡೇ ಜಾಗ. ಒಂದು, ಧಕ್ಕೆಯ ಪಕ್ಕದ ಸಮತಟ್ಟು. ಅಲ್ಲಿ ಗುಲಾಬಿಯ ಹೆಜ್ಜೆ. ಇನ್ನೊಂದು, ಅದರ ಹಿಂದಿನ ತಗ್ಗು. ಅಲ್ಲಿ ಟಿಟ್ಟಿಭಗಳ ಮೊಟ್ಟೆ. ಮೇಡಂ ನೆಲದ ಮೇಲೆ ಮಲಗಿ ನೋಡಿದರು, ದುರ್ಬೀನು ಹಾಕಿ ನೋಡಿದರು, ಕಂಪನಿಯವರ ಹತ್ತಿರ ಏಳನೆಯದನ್ನೇ ಬಿಟ್ಟುಬಿಡೋಣ ಎಂದು ಜಗಳ ಆಡಿದರು. ಹದಿನೆಂಟಕ್ಕೆ ಒಂದು ಕಡಿಮೆಯಾದರೂ ಅದು ಆಟವೇ ಅಲ್ಲವಂತೆ.

ಕೊನೆಗೆ ಮೇಡಂ ಶೇವಂತಿಯನ್ನು ಕರೆದು, ಕುಳಿಯ ಜಾಗ ಗುರುತಿಸುವ ಗೂಟವನ್ನು ಅವಳ ಕೈಗೆ ಕೊಟ್ಟರು. “ಹಕ್ಕಿ ನೀನು ಕಾದದ್ದು. ಹೆಜ್ಜೆ ನಿನ್ನ ಅಮ್ಮನದು. ನಾನು ಹೊರಗಿನವಳು. ನೀನು ಎಲ್ಲಿ ನೆಡ್ತೀಯೋ ಅಲ್ಲಿ ಕುಳಿ.”

ಬುದವಂತನ ಅಂಗಡಿಯಲ್ಲಿ ಆ ದಿನ ಬೇರೆ ಮಾತೇ ಇಲ್ಲ. “ಹಕ್ಕಿಗಳಿಗೇನು, ನಾ ಬೇರೆ ಕಡೆ ಉಪ್ಪರಿಗೆ ಮನೆ ಕಟ್ಟಿಸಿಕೊಡ್ತೆ” ಎಂದೆ ನಾನು. ಯಾರೂ ನಗಲಿಲ್ಲ. ಬುದವಂತ ಗ್ಲಾಸು ತೊಳೆಯುತ್ತ, ತಲೆ ಎತ್ತದೆ, “ನನ್ನ ತಮ್ಮನ ಹೆಜ್ಜೆ ಹೋಗುವ ಮೊದಲು ವರ್ಷ ವರ್ಷ ಮಸುಕಾಗ್ತಾ ಬಂದಿತ್ತು ಮಾರಾಯಾ. ನಿನ್ನ ಮನೆಯದು ಮಾತ್ರ ದಿನಾ ಇವತ್ತೇ ಹೋದ ಹಾಂಗೆ” ಎಂದ. “ನೋಡೂಕಾಗ ಅಂತ ಗೊತ್ತು ನಂಗೆ. ಕಣ್ಣಿಗೆ ಬಿತ್ತು.”

“ಪ್ರೀತಿ ಅಂದ್ರೆ ಹಾಂಗೆಯ,” ಎಂದು ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಊಟಕ್ಕೆ ಕೂತಾಗ ಶೇವಂತಿ ಅನ್ನ ಕಲಸುತ್ತಲೇ ಇದ್ದಳು. “ಅಪ್ಪಾ, ಒಂದು ಕೇಳ್ತೆ. ಅವ್ವಿಗೆ ಬರೂ ಆಸೆ ಇದೆ ಹೇಳಿ ನಿಂಗೆ ಖರೇ ಅನಸ್ತದಾ?”

“ಅನಸೂದೆಂತ? ಅವಳ ಆಸೆಯ ಬಿಸಿಗೆ ಆ ಮರಳಲ್ಲಿ ಕಾಲಿಡೂಕಾಗೂದಿಲ್ಲ. ಅನ್ನದ ಚರಿಗೆ ಇಟ್ರೆ ಬೇಯ್ತದೆ.”

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. “ಹಾಂಗಾರೆ ಹಕ್ಕಿ ತಗ್ಗೇ ಹೋಗ್ಲಿ,” ಎಂದಳು. “ಮೊಟ್ಟೆ ಇನ್ನೂ ಒಡ್ದಿಲ್ಲ. ಆದ್ರೂ ಹೋಗ್ಲಿ.” ಎದ್ದು ಹೋಗಿ ಬಟ್ಟಲಿನ ಅನ್ನವನ್ನು ಕಾಗೆಗೆ ಸುರಿದಳು. ಲೋಕದ ಅರ್ಧ ಅಕ್ಕಿಯನ್ನು ಒಂದೇ ಊಟಕ್ಕೆ ತಿಂದ ಖ್ಯಾತಿ ನನ್ನದು. ಆ ಮಧ್ಯಾಹ್ನ ಒಂದು ತುತ್ತೂ ಒಳಗೆ ಇಳಿಯಲಿಲ್ಲ.

ಮರುದಿನ ಬಿಸಿಲೇರಿದ ಮೇಲೆ ನಾನು ಬುಲ್ಡೋಜರನ್ನು ತಗ್ಗಿನ ಕಡೆ ತಿರುಗಿಸಿದೆ. ತಗ್ಗಿನ ಅಂಚಿನಲ್ಲಿ ಶೇವಂತಿ ನೆಟ್ಟ ಗೂಟ, ಅದರಾಚೆ ಶೇವಂತಿ, ಇನ್ನೂ ಆಚೆ ಮೇಡಂ. ಹಕ್ಕಿಗಳು ಎದ್ದವು. ನನ್ನ ತಲೆಯ ಮೇಲೆ ಸುತ್ತುತ್ತ, ಬ್ಲೇಡಿಗೆ ಎದೆ ತಾಗಿಸುವಷ್ಟು ಕೆಳಗೆ ಬಂದು, ಕೂಗಿದವು. ಒಂದು ಹಕ್ಕಿ ಮಾತ್ರ ಏಳಲಿಲ್ಲ. ಮರಳಿನ ಬಣ್ಣದ ಮೊಟ್ಟೆಗಳ ಮೇಲೆ ಕೂತು, ಮನೆಯಷ್ಟು ದೊಡ್ಡ ಕಬ್ಬಿಣ ತನ್ನ ಕಡೆ ಬರುವುದನ್ನು ನೋಡುತ್ತ ಕೂತೇ ಇತ್ತು. ಬರುವವರೆಗೂ ಕಾಯುತ್ತೇನೆ ಅನ್ನುವ ಹಾಗೆ.

ನನ್ನ ಕೈ ತಾನಾಗಿ ಎಂಜಿನ್ನು ಬಂದ್ ಮಾಡಿತು.

“ಕೆಟ್ಟಿತು!” ಎಂದು ಕೂಗಿದೆ. “ಎಂಜಿನ್ನು ಕೆಟ್ಟಿತು! ಒಳಗಿನ ಕಬ್ಬಿಣ ಎಲ್ಲಾ ಕರಗಿ ನೀರಾಗಿದೆ!”

ಶೇವಂತಿ ನಡೆದು ಬಂದು ಬುಲ್ಡೋಜರಿನ ಪಕ್ಕ ನಿಂತಳು. “ಎಂಜಿನ್ನಿಗೆ ಎಂತದೂ ಆಗಿಲ್ಲ. ಇಳಿ ಅಪ್ಪಾ. ನಿಂಗೊಂದು ತೋರಿಸೂದಿದೆ.”

ಬಿಳಿ ಬಾವುಟಗಳ ಹತ್ತಿರ ಕರೆದುಕೊಂಡು ಹೋದಳು. ನೂಲಹುಣ್ಣಿಮೆ ಕಳೆದು ತಿಂಗಳುಗಳಾಗಿದ್ದವು. ಆದರೂ ಅವಳು ಲಂಗ ಎತ್ತಿ ಹಿಡಿದು ಅವ್ವಿಯ ಹೆಜ್ಜೆಯೊಳಗೆ ಪಾದ ಇಟ್ಟಳು. ಬೆರಳುಗಳೆಲ್ಲ ಹೆಜ್ಜೆಯ ಅಂಚು ದಾಟಿ ಹೊರಗೆ ನಿಂತವು.

“ಒಂದು ವರ್ಷ ಸಮಾ ಆಗಿತ್ತು, ನೆನಪಿದ್ಯಾ?” ಎಂದಳು. “ಅದರ ಮರುವರ್ಷ ಉಗುರಷ್ಟು ಹೊರಗೆ ಬಂತು. ನಾ ಬೆಳೀತಾ ಇದ್ದೇನೆ ಅಂದ್ಕೊಂಡೆ. ಆಮೇಲೆ ನನ್ನ ಕಾಲು ಬೆಳೆಯೂದು ನಿಂತಿತು, ಅಪ್ಪಾ. ಅದೇ ಚಪ್ಪಲಿ ಎಷ್ಟು ವರ್ಷದಿಂದ ಹಾಕ್ತಾ ಇದ್ದೇನೆ. ಅವ್ವಿ ಕಾಲು ಮಾತ್ರ ವರ್ಷ ವರ್ಷ ಸಣ್ಣ ಆಗ್ತಾ ಇದೆ. ದೂರ ಹೋದವರ ಆಸೆ ಸಣ್ಣ ಆಗ್ತದೆ ಹೇಳಿ ಕೇಳಿದ್ದೆ. ಕಾಲು ಸಣ್ಣ ಆಗ್ತದಾ?”

ನಾನು ಬಾಯಿ ತೆರೆದೆ. ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಉಪ್ಪುನೀರಿಗೆ ಪಾದ ಕುಗ್ಗುತ್ತದೆ ಎನ್ನಬಹುದಿತ್ತು. ಮಚವೆಯ ಮೇಲೆ ಬರಿಗಾಲಲ್ಲಿ ನಡೆದು ನಡೆದು ಸವೆಯಿತು ಎನ್ನಬಹುದಿತ್ತು. ಸವೆಯಿತು ಅನ್ನುವ ಮಾತು ಬಾಯಿಗೆ ಬಂದದ್ದೇ, ನಾಲಿಗೆ ಅಲ್ಲೇ ನಿಂತಿತು.

ಬುಲ್ಡೋಜರಿಗೆ ವಾಪಸು ಹೋದೆ. ಸೀಟಿನಡಿಯಿಂದ ಗೋಣಿಯ ಗಂಟು ತೆಗೆದು ತಂದು ಅವಳ ಮುಂದೆ ಬಿಚ್ಚಿದೆ. ಒಳಗಿದ್ದದ್ದು ಹಲಸಿನ ಮರದಲ್ಲಿ ಕೆತ್ತಿದ ಎರಡು ಪಾದ. ಗುಲಾಬಿ ಬಿಟ್ಟು ಹೋದ ಚಪ್ಪಲಿಯ ಅಳತೆ ಹಿಡಿದು ನಾನೇ ಕೆತ್ತಿದ್ದು. ಬೆಳಕು ಹರಿಯುವ ಮೊದಲು ಎದ್ದು, ಗಾಳಿಮರದಿಂದ ಧಕ್ಕೆಯ ತನಕ ಹಿಮ್ಮುಖವಾಗಿ ನಡೆಯುತ್ತ, ಒಂದೊಂದೇ ಒತ್ತಿ, ನನ್ನ ಹೆಜ್ಜೆಯನ್ನು ಸೊಪ್ಪಿನಿಂದ ಸವರಿ ಬರುವುದು. ಗಾಳಿ ಅಳಿಸುತ್ತಿತ್ತು, ನಾನು ಒತ್ತುತ್ತಿದ್ದೆ. ಮರಳು ಮರವನ್ನು ತಿನ್ನುತ್ತದೆ. ಬೆರಳುಗಳೆಲ್ಲ ಸವೆದು ಬರಿಯ ಗುಬುಟುಗಳಾಗಿದ್ದವು. ಹೊಸದು ಕೆತ್ತಬಹುದಿತ್ತು. ಆದರೆ ಚಪ್ಪಲಿ ಹಳತಾಗಿ ಹರಿದು ಹೋಗಿತ್ತು, ಅಳತೆಗೆ ನನ್ನ ಹತ್ತಿರ ಇದ್ದದ್ದು ಇದೊಂದೇ.

“ಖರೇದು ಯಾವಾಗ ಹೋಯ್ತು?” ಅವಳು ಕೇಳಿದಳು.

“ಅದೇ ವರ್ಷ. ಮೊದಲ ಮಳೆಗಾಲ ಮುಗಿಯೂ ಮೊದಲೇಯ.” ಎಂದೆ. “ನೀನಾಗ ನಡೀಲಿಕ್ಕೆ ಕಲೀತಿದ್ದೆ. ಆ ಹೆಜ್ಜೆ ಪಕ್ಕದಲ್ಲೇ ಬೀಳ್ತಾ ಏಳ್ತಾ ಹೋಗ್ತಿದ್ದೆ. ಒಂದು ಬೆಳಿಗ್ಗೆ ಅಲ್ಲಿ ಎಂತದೂ ಇರ್ಲಿಲ್ಲ. ನೀ ಹುಡುಕಿದೆ. ಹುಡುಕಿ ನನ್ನ ಮುಖ ನೋಡಿದೆ.”

ಮೇಡಂ ದೂರದಲ್ಲೇ ನಿಂತು ಕಡಲಿನ ಕಡೆ ತಿರುಗಿದ್ದರು. ಬೇರೆಯವರ ಮನೆಯ ಹೆಜ್ಜೆ ನೋಡಬಾರದೆಂಬ ನಮ್ಮೂರ ಮರ್ಯಾದೆ ಅವರಿಗೆ ಅಷ್ಟರಲ್ಲಿ ಬಂದುಬಿಟ್ಟಿತ್ತು.

ಶೇವಂತಿ ಕೂತು, ಮರದ ಪಾದಗಳನ್ನು ಮಡಿಲಿಗೆ ಹಾಕಿಕೊಂಡು, ಸವೆದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅತ್ತರೆ ಏನು ಮಾಡುವುದು ಎಂದು ಹೆದರಿದೆ. ಅವಳು ಎರಡನ್ನೂ ಮಾಡಲಿಲ್ಲ. “ದಿನಾ?” ಎಂದು ಕೇಳಿದಳು. “ಜ್ವರ ಬಂದಾಗ ಬಿಟ್ಟು,” ಎಂದೆ. ಅದಕ್ಕೆ ಅವಳಿಗೆ ಒಂಚೂರು ನಗು ಬಂತು, ನಗುತ್ತಲೇ ಮೂಗು ಒರೆಸಿಕೊಂಡಳು. ಆಮೇಲೆ ಎದ್ದು, ತಗ್ಗಿನ ಅಂಚಿಗೆ ಹೋಗಿ ಗೂಟ ಕಿತ್ತು ತಂದು, ಅವ್ವಿಯ ಹೆಜ್ಜೆಯ ನಡುವೆ, ಈಗ ತಾನೇ ಪಾದ ಇಟ್ಟಿದ್ದ ಜಾಗದಲ್ಲಿ ಊರಿದಳು. ಬಿಳಿ ಬಾವುಟಗಳನ್ನು ಒಂದೊಂದಾಗಿ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಳು. ತಗ್ಗಿನಲ್ಲಿ ಹಕ್ಕಿಗಳು ಒಂದೊಂದೇ ಇಳಿದು ಸುಮ್ಮನಾದವು.

“ಮೇಡಂ ಸಂಗ್ತಿಗೆ ಹೋಗ್ತೆ ನಾನು,” ಎಂದಳು.

“ಹೋಗು.”

“ಈ ಕಾಲು ನಾನೇ ತಕೊಂಡು ಹೋಗ್ತೆ. ಇಲ್ಲಿ ಇಟ್ರೆ ನೀ ನನ್ನ ಹೆಜ್ಜೆನೂ ಮಾಡ್ತೆ.” ಗೋಣಿಯನ್ನು ಸುತ್ತಿ ಗಂಟು ಹಾಕಿದಳು. “ನಂದು ಇದ್ರೆ ಇರ್ತದೆ. ಹೋದ್ರೆ ಹೋಗ್ತದೆ. ನೀ ಬರೀ ನೋಡೂದು.”

ನಾನು ತಲೆ ಆಡಿಸಿದೆ. ಅವಳು ನಾಲ್ಕು ಹೆಜ್ಜೆ ಹೋದವಳು ನಿಂತಳು. ಹಳೇ ಧಕ್ಕೆಯ ಕಲ್ಲಿನ ಪಕ್ಕದಲ್ಲೇ ನಿಂತಳು, ಕಂಕುಳಲ್ಲಿ ಬಾವುಟ, ಕೈಯಲ್ಲಿ ಗಂಟು. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ನಾನಂತೂ ಆ ಮಾತನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

“ಅಪ್ಪಾ, ನಾ ಹೋದ್ರೆ ನಿಂಗೆ ಬೇಜಾರಾಗ್ತದಾ?”

“ನಂಗಾ?” ಎಂದೆ. “ಸಮುದ್ರವನ್ನೇ ಸುತ್ತಿ ಹೆಗಲ ಮೇಲೆ ಹೊತ್ತವ ನಾನು. ನಂಗೆ...”

ಸಮುದ್ರ ಅಲ್ಲೇ ಇತ್ತು. ನಾನು ಅದನ್ನು ಎಂದೂ ಎತ್ತಿಲ್ಲ. ಅದು ಯಾವತ್ತೂ ನನಗೆ ಹೆದರಿದ್ದಿಲ್ಲ. ಏಳೂರಿನ ಯಾವ ಹೆಣ್ಣೂ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಆ ತಂಡೇಲ ನನ್ನ ಕಾಲಿಗೆ ಬಿದ್ದಿರಲಿಲ್ಲ, ನನ್ನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಮತ್ತೆ, ಆ ದಿನ ಗುಲಾಬಿ ನಕ್ಕಿರಲಿಲ್ಲ. ಎಲ್ಲರೂ ನಗುವುದು ಮುಗಿಯುವ ತನಕ ಕಾದು ನಿಂತು, ಮತ್ತೇನಾದರೂ ಹೇಳುತ್ತಾನೇನೋ ಎಂದು ನನ್ನ ಮುಖ ನೋಡಿ, ಆಮೇಲೆ ಮಚವೆ ಹತ್ತಿದ್ದಳು.

“ಆಗ್ತದೆ ಮಗಾ,” ಎಂದೆ. “ಅವತ್ತೂ ಆಗಿತ್ತು.”